ಬೇಸ್‌ಮೆಂಟಿನ ಪಂಪ್ ಮತ್ತು ಬೆಂಗಳೂರಿನ ಮಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸ್‌ಮೆಂಟಿಗೆ ನುಗ್ಗುವ ನೀರು ಮತ್ತು ಅದನ್ನು ಎತ್ತಿ ಹೊರಹಾಕುವ ಪಂಪ್‌ಗಳ ನಿರ್ವಹಣೆ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಬಾರಿ ಉತ್ತರಿಸಿದ್ದೇನೆ. ನಮ್ಮ ಊರಿನಲ್ಲಿ ಸಂಪ್ ಎಂದರೆ ಕಾವೇರಿ ನೀರು ತುಂಬಿಡುವ ತೊಟ್ಟಿ ಎಂದೇ ಎಲ್ಲರೂ ತಿಳಿಯುವುದರಿಂದ, ಬೇಸ್‌ಮೆಂಟಿನ ತಳದಲ್ಲಿ ಮಳೆನೀರು ಬಂದು ಸೇರುವ ಹೊಂಡವನ್ನು ಇಲ್ಲಿ ಪಿಟ್ ಎಂದು ಕರೆದಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಬಡಾವಣೆಗಳನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು 32 ಫ್ಲ್ಯಾಟ್‌ಗಳ ಅಪಾರ್ಟ್‌ಮೆಂಟ್. ಪಿಟ್‌ನಲ್ಲಿ ಎರಡು ಪಂಪ್‌ಗಳಿವೆ. ಕಳೆದ ಮೇ ತಿಂಗಳ ಮಳೆಯಲ್ಲಿ ಪಂಪ್ ರಾತ್ರಿಯಿಡೀ ಓಡುತ್ತಲೇ ಇತ್ತು, ಆದರೆ ನೀರು ಇಳಿಯಲೇ ಇಲ್ಲ. ಬೆಳಗಾಗುವಷ್ಟರಲ್ಲಿ ಕಾರುಗಳ ಬಾಗಿಲಿನ ಮಟ್ಟಕ್ಕೆ ನೀರು ಬಂದಿತ್ತು. ಕೆಲವೇ ದಿನಗಳ ಹಿಂದೆ ಸರ್ವಿಸ್‌ಗೆ ಬಂದವರು ಎಲ್ಲ ಸರಿಯಾಗಿದೆ ಎಂದು ಬರೆದು ಸಹಿ ಹಾಕಿ ಹೋಗಿದ್ದರು. ಓಡುವ ಪಂಪ್ ನೀರು ಎತ್ತದೇ ಇರಲು ಸಾಧ್ಯವೇ? — ಹೊರಮಾವು

ಉತ್ತರ: ಖಂಡಿತ ಸಾಧ್ಯ. ಮೋಟರ್ ತಿರುಗುವುದು ಬೇರೆ, ನೀರು ರಸ್ತೆಯ ಮಟ್ಟಕ್ಕೆ ಏರಿ ಹೊರಗೆ ಬೀಳುವುದು ಬೇರೆ. ಸರ್ವಿಸ್‌ಗೆ ಬಂದವರು ಒಣಗಿದ ಪಿಟ್‌ನಲ್ಲಿ ಸ್ವಿಚ್ ಒತ್ತಿ, ಗುಂಯ್ ಎಂಬ ಸದ್ದು ಕೇಳಿ, ಪುಸ್ತಕದಲ್ಲಿ ಓಕೆ ಎಂದು ಬರೆದು ಹೋಗುವುದು ಈ ಊರಿನಲ್ಲಿ ಎಷ್ಟು ಸಾಮಾನ್ಯವೆಂದರೆ, ಅದನ್ನೇ ನಿರ್ವಹಣೆ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಆ ಸದ್ದಿನಿಂದ ನೀರಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಎರಡು ಪಂಪ್‌ಗಳಿವೆ ಎಂದು ಬರೆದಿರುವುದರಿಂದ ನಾನು ಮೊದಲು ಅನುಮಾನಿಸುವುದು ನಾನ್-ರಿಟರ್ನ್ ವಾಲ್ವ್ ಅನ್ನು. ಎರಡೂ ಪಂಪ್‌ಗಳ ಪೈಪುಗಳು ಮೇಲೆ ಹೋಗಿ ಒಂದೇ ಪೈಪಿಗೆ ಸೇರುತ್ತವೆ. ಓಡುತ್ತಿರುವ ಪಂಪ್ ಎತ್ತಿದ ನೀರು ನಿಂತಿರುವ ಪಂಪಿನ ಪೈಪಿಗೆ ಇಳಿಯದಂತೆ ತಡೆಯುವುದು ಈ ವಾಲ್ವಿನೊಳಗಿನ ಪುಟ್ಟ ಬಾಗಿಲು. ಅದರ ಸಂದಿಯಲ್ಲಿ ಸಿಮೆಂಟ್ ಚೀಲದ ದಾರವೋ ಒಂದು ಚೂರು ಜಲ್ಲಿಯೋ ಸಿಕ್ಕಿಕೊಂಡು ಬಾಗಿಲು ಅರ್ಧ ತೆರೆದೇ ಉಳಿದರೆ, ಒಂದನೆಯ ಪಂಪ್ ಎತ್ತಿದ ನೀರಿನ ಬಹುಪಾಲು ಎರಡನೆಯ ಪಂಪಿನ ಮೂಲಕ ಮತ್ತೆ ಅದೇ ಪಿಟ್‌ಗೆ ಬಂದು ಬೀಳುತ್ತದೆ. ಮೋಟರ್ ಬೆಳಗಿನವರೆಗೆ ಓಡುತ್ತದೆ, ನೀರು ಸುತ್ತು ಹಾಕುತ್ತಲೇ ಇರುತ್ತದೆ. ಪರೀಕ್ಷೆ ಸುಲಭ. ಒಂದು ಪಂಪ್ ಓಡುತ್ತಿರುವಾಗ ನಿಂತಿರುವ ಪಂಪಿನ ಪೈಪಿನ ಗೇಟ್ ವಾಲ್ವ್ ಮುಚ್ಚಿಸಿ. ನೀರಿನ ಮಟ್ಟ ಇಳಿಯತೊಡಗಿದರೆ ಕಳ್ಳ ಸಿಕ್ಕಂತೆಯೇ.

ಎರಡನೆಯ ಅನುಮಾನ ವಿದ್ಯುತ್ತಿನದು. ಗಾಳಿ ಮಳೆಗೆ ಮರ ಬಿದ್ದು ತಂತಿ ಹರಿದ ಮೇಲೆ ಮರುಜೋಡಣೆ ಮಾಡುವಾಗ, ಅಥವಾ ಜನರೇಟರ್ ರಿಪೇರಿ ಮಾಡಿ ವೈರ್‌ಗಳನ್ನು ಮತ್ತೆ ಕೂಡಿಸುವಾಗ, ಎರಡು ಫೇಸ್‌ಗಳು ಅದಲುಬದಲಾದರೆ ತ್ರೀ-ಫೇಸ್ ಮೋಟರ್ ಉಲ್ಟಾ ತಿರುಗುತ್ತದೆ. ಉಲ್ಟಾ ತಿರುಗುವ ಪಂಪ್ ಸ್ವಲ್ಪ ನೀರನ್ನು ತಳ್ಳುತ್ತದೆಯಾದ್ದರಿಂದ ಕೆಟ್ಟಿದೆ ಎಂದು ಯಾರಿಗೂ ಹೊಳೆಯುವುದಿಲ್ಲ, ಆದರೆ ಎರಡು ಅಂತಸ್ತಿನ ಎತ್ತರಕ್ಕೆ ಅದು ನೀರು ಏರಿಸಲಾರದು. ಪಂಪಿನ ಸ್ವಿಚ್‌ಗಳಿರುವ ಪ್ಯಾನೆಲ್‌ನಲ್ಲಿ, ಫೇಸ್‌ಗಳ ಕ್ರಮ ಸರಿಯಿದೆಯೇ ಎಂದು ನೋಡುವ ಫೇಸ್ ಸೀಕ್ವೆನ್ಸ್ ರಿಲೇ ಇದ್ದರೆ ಪಂಪ್ ಓಡದೆ ನಿಂತು ದೀಪ ಹೊತ್ತಿಸಿ ತಿಳಿಸುತ್ತದೆ, ಇಲ್ಲದಿದ್ದರೆ ಹಾಕಿಸಿ. ಮೂರು ಫೇಸ್‌ಗಳಲ್ಲಿ ಒಂದು ಹೋದಾಗ ಮೋಟರ್ ಸುಡದಂತೆ ಕಾಯುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಸಹ ಅದೇ ಪೆಟ್ಟಿಗೆಯಲ್ಲಿರಬೇಕು. ಮೂರನೆಯ ಸಾಧ್ಯತೆ, ಪಂಪ್ ನೀರು ಎಳೆದುಕೊಳ್ಳುವ ಜಾಲರಿಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡಿರುವುದು ಅಥವಾ ಪಂಪಿನೊಳಗೆ ಗಾಳಿ ಸಿಕ್ಕಿಕೊಂಡಿರುವುದು.

ಇವೆಲ್ಲವನ್ನೂ ಒಟ್ಟಿಗೆ ಬಯಲಿಗೆ ತರುವ ಪರೀಕ್ಷೆಯೊಂದಿದೆ, ಅದಕ್ಕೆ ಬೇಕಾಗುವುದು ಒಂದು ಅಳತೆಪಟ್ಟಿ ಮತ್ತು ಗಡಿಯಾರ. ಪಿಟ್ 1.2 ಮೀಟರ್ ಉದ್ದ, 1.2 ಮೀಟರ್ ಅಗಲ ಇದೆ ಎಂದುಕೊಳ್ಳಿ. ಅದನ್ನು ತುಂಬಿಸಿ, ಒಂದೇ ಪಂಪ್ ಓಡಿಸಿ, ನೀರು 50 ಸೆಂಟಿಮೀಟರ್ ಇಳಿಯಲು ಎಷ್ಟು ಹೊತ್ತಾಯಿತೆಂದು ನೋಡಿ. ಅಷ್ಟು ಇಳಿದರೆ ಹೊರಗೆ ಹೋದದ್ದು 720 ಲೀಟರ್. ನಾಲ್ಕು ನಿಮಿಷ ಹಿಡಿದರೆ ಪಂಪಿನ ಸಾಮರ್ಥ್ಯ ನಿಮಿಷಕ್ಕೆ 180 ಲೀಟರ್. ಮುಂದಿನ ವರ್ಷ ಅದೇ ಪಂಪ್‌ಗೆ ಆರು ನಿಮಿಷ ಬೇಕಾದರೆ ಅದು 120 ಲೀಟರ್‌ಗೆ ಇಳಿದಿದೆ ಎಂದಾಯಿತು. ಪ್ರತಿ ಪಂಪಿನ ಈ ಅಂಕಿಯನ್ನು ದಿನಾಂಕದೊಂದಿಗೆ ಬರೆದಿಡದ ಸರ್ವಿಸ್ ವರದಿಗೆ ಸಹಿ ಹಾಕಬೇಡಿ.

ಪ್ರಶ್ನೆ: ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಏನೇನು ಇರಬೇಕು? ಮೂರು ತಿಂಗಳಿಗೊಮ್ಮೆ ಬರುತ್ತೇವೆ ಎಂದು ಎಲ್ಲ ಕಂಪನಿಗಳೂ ಹೇಳುತ್ತವೆ. ಅಷ್ಟು ಸಾಕೇ? — ಜೆ.ಪಿ. ನಗರ

ಉತ್ತರ: ಮೂರು ತಿಂಗಳಿಗೊಮ್ಮೆ ಎಂಬ ಲೆಕ್ಕ ಕಚೇರಿಯ ಕ್ಯಾಲೆಂಡರಿಗೆ ಹೊಂದುತ್ತದೆ, ಬೆಂಗಳೂರಿನ ಮಳೆಗೆ ಹೊಂದುವುದಿಲ್ಲ. ನಮ್ಮಲ್ಲಿ ಮುಂಗಾರಿಗೆ ಮುಂಚೆಯೇ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ ಜೋರಾಗಿ ಬೀಳುತ್ತದೆ, ವರ್ಷದ ಅತಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸುರಿಯುತ್ತದೆ. ಆದ್ದರಿಂದ ಪಂಪನ್ನು ಮೇಲೆತ್ತಿ ಮಾಡುವ ಪೂರ್ಣ ಸರ್ವಿಸ್ ಮಾರ್ಚ್ ಮುಗಿಯುವುದರೊಳಗೆ ಆಗಿರಬೇಕು, ಆಗಸ್ಟ್‌ನಲ್ಲಿ ಎರಡನೆಯ ಪರಿಶೀಲನೆ ನಡೆಯಬೇಕು. ನಡುವಿನ ತಿಂಗಳುಗಳಲ್ಲಿ ಪಿಟ್‌ಗೆ ನೀರು ಬಿಟ್ಟು ಎರಡೂ ಪಂಪ್‌ಗಳನ್ನು ಓಡಿಸಿ ನೋಡುವುದನ್ನು ನಿಮ್ಮ ಸಿಬ್ಬಂದಿಯೇ ಮಾಡಬಹುದು. ಒಪ್ಪಂದದಲ್ಲಿ ಭೇಟಿಗಳ ಸಂಖ್ಯೆಗಿಂತ ಈ ತಿಂಗಳುಗಳ ಹೆಸರನ್ನು ಬರೆಸುವುದು ಮುಖ್ಯ.

ಪೂರ್ಣ ಸರ್ವಿಸ್ ಎಂದರೆ ಪಂಪನ್ನು ಸರಪಳಿಯಿಂದ ಹೊರಗೆ ತೆಗೆದು, ಜಾಲರಿ ಮತ್ತು ಇಂಪೆಲ್ಲರ್ (ನೀರನ್ನು ತಳ್ಳುವ ತಿರುಗುಚಕ್ರ) ಸ್ವಚ್ಛಗೊಳಿಸಿ, ಸವೆದಿದೆಯೇ ಎಂದು ನೋಡಬೇಕು. ಅನಂತರ ಆಯಿಲ್ ಚೇಂಬರ್ ಬಿಚ್ಚಿ ಎಣ್ಣೆಯನ್ನು ಒಂದು ಗಾಜಿನ ಲೋಟಕ್ಕೆ ಹಾಕಿಸಿ ನೀವೇ ನೋಡಿ. ಎಣ್ಣೆ ತಿಳಿಯಾಗಿದ್ದರೆ ಒಳ್ಳೆಯದು. ಹಾಲಿನಂತೆ ಬೆಳ್ಳಗಾಗಿದ್ದರೆ ಕೆಳಗಿನ ಮೆಕ್ಯಾನಿಕಲ್ ಸೀಲ್ ದಾಟಿ ನೀರು ಒಳಗೆ ಬಂದಿದೆ ಎಂದರ್ಥ. ಅದು ಇನ್ನೂ ಮೋಟರಿನ ವೈಂಡಿಂಗ್ (ತಂತಿಯ ಸುರುಳಿ) ತಲುಪಿರುವುದಿಲ್ಲ. ಈ ಹಂತದಲ್ಲಿ ಸೀಲ್ ಬದಲಿಸಿದರೆ ಪಂಪ್ ಉಳಿಯುತ್ತದೆ, ಮುಂದೂಡಿದರೆ ಒಂದು ಮಳೆಯ ರಾತ್ರಿ ಮೋಟರೇ ಸುಟ್ಟುಹೋಗುತ್ತದೆ. ಇಡೀ ಸರ್ವಿಸ್‌ನಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಈ ಎಣ್ಣೆಯ ಪರೀಕ್ಷೆ, ಬಹಳಷ್ಟು ಕಡೆ ಬಿಟ್ಟುಹೋಗುವುದೂ ಇದೇ.

ವಿದ್ಯುತ್ ಭಾಗದಲ್ಲಿ ಎರಡು ಅಳತೆಗಳು ಕಡ್ಡಾಯ. ಮೆಗ್ಗರ್ ಎಂಬ ಉಪಕರಣದಿಂದ ವೈಂಡಿಂಗ್‌ನ ಇನ್ಸುಲೇಶನ್, ಅಂದರೆ ವಿದ್ಯುತ್ ಸೋರದಂತೆ ತಡೆಯುವ ಹೊದಿಕೆಯ ಸ್ಥಿತಿ, ಅಳೆಯಬೇಕು. ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ಪಂಪನ್ನು ಓಡಿಸಲೇಬಾರದು, ಹಿಂದಿನ ಬಾರಿಗಿಂತ ಬಹಳ ಇಳಿದಿದ್ದರೆ ಕಾರಣ ಹುಡುಕಬೇಕು. ಪಂಪ್ ನೀರು ಎತ್ತುತ್ತಿರುವಾಗ ಕ್ಲ್ಯಾಂಪ್ ಮೀಟರಿನಿಂದ ಮೂರೂ ಫೇಸ್‌ಗಳ ಆಂಪಿಯರ್ ಅಳೆದು ನೇಮ್‌ಪ್ಲೇಟಿನ ಅಂಕಿಯೊಡನೆ ಹೋಲಿಸಬೇಕು. ಪದೇ ಪದೇ ಟ್ರಿಪ್ ಆಗುತ್ತದೆಂದು ಓವರ್‌ಲೋಡ್ ರಿಲೇಯ ತಿರುಪನ್ನು ಹೆಚ್ಚಿಗೆ ತಿರುಗಿಸಿಟ್ಟು ಹೋಗುವವರಿದ್ದಾರೆ; ಅದರಿಂದ ಮೋಟರಿಗಿದ್ದ ರಕ್ಷಣೆ ಹೋಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ. ಇನ್ನು ನೀರಿನೊಂದಿಗೆ ತೇಲಿ ಏರಿ ಪಂಪನ್ನು ಆನ್ ಮಾಡುವ ಫ್ಲೋಟ್ ಸ್ವಿಚ್. ಅದನ್ನು ಕೈಯಿಂದ ಎತ್ತಿ ನೋಡಿದರೆ ಸಾಲದು, ನೀರೇ ಅದನ್ನು ಎತ್ತಬೇಕು, ಏಕೆಂದರೆ ಅದು ಕೆಡುವುದಕ್ಕಿಂತ ಹೆಚ್ಚಾಗಿ ಪೈಪಿಗೋ ಸರಪಳಿಗೋ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಪಂಪ್‌ಗಳು ಸರದಿಯಲ್ಲಿ ಓಡುವಂತೆ, ಒಂದಕ್ಕೆ ಆಗದಿದ್ದಾಗ ಎರಡೂ ಓಡುವಂತೆ, ಆಗಲೂ ನೀರು ಏರಿದರೆ ಸೆಕ್ಯುರಿಟಿ ಕೊಠಡಿಯಲ್ಲಿ ಗಂಟೆ ಬಾರಿಸುವಂತೆ ಪ್ಯಾನೆಲ್ ಇರಬೇಕು. ವರ್ಷಗಟ್ಟಲೆ ನಿಂತೇ ಇರುವ ಸ್ಟ್ಯಾಂಡ್‌ಬೈ ಪಂಪಿನ ಶಾಫ್ಟ್ ತುಕ್ಕು ಹಿಡಿದು ಬಿಗಿದುಕೊಂಡಿರುತ್ತದೆ, ಬೇಕಾದ ದಿನ ಅದು ಏಳುವುದಿಲ್ಲ.

ಈ ಕೆಲಸವನ್ನು ಪ್ಲಂಬರ್ ಒಬ್ಬರಿಗೇ ಒಪ್ಪಿಸಬೇಡಿ. ಪಂಪ್ ತಯಾರಕರ ಅಧಿಕೃತ ಸರ್ವಿಸ್‌ನವರು ಅಥವಾ ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರು ಜೊತೆಗಿರಲಿ. ಜನರೇಟರಿನಿಂದ ಲಿಫ್ಟ್‌ಗೆ, ಕಾರಿಡಾರಿನ ದೀಪಗಳಿಗೆ ಸಂಪರ್ಕವಿದ್ದು ಪಿಟ್ ಪಂಪ್‌ಗೆ ಇಲ್ಲದ ಕಟ್ಟಡಗಳು ಆಶ್ಚರ್ಯವಾಗುವಷ್ಟಿವೆ. ಕರೆಂಟ್ ಹೋಗುವುದೂ ಮಳೆ ಬರುವುದೂ ಒಂದೇ ಹೊತ್ತಿಗೆ ಆಗುವ ಊರಿದು. ಮೇನ್ ಆಫ್ ಮಾಡಿಸಿ, ಜನರೇಟರ್ ಮೇಲೆ ಪಂಪ್ ಓಡುವುದನ್ನು ಸರ್ವಿಸ್‌ನ ದಿನವೇ ಕಣ್ಣಾರೆ ನೋಡಿ.

ಪ್ರಶ್ನೆ: ನಮ್ಮ ಪಂಪ್ 1 ಎಚ್‌ಪಿಯದು. ಅದನ್ನು 5 ಎಚ್‌ಪಿಗೆ ಬದಲಿಸಿದರೆ ರಾಜಕಾಲುವೆ ಉಕ್ಕಿದಾಗಲೂ ಬೇಸ್‌ಮೆಂಟ್ ಉಳಿಯುತ್ತದೆಯೇ? — ಬೆಳ್ಳಂದೂರು

ಉತ್ತರ: ಉಳಿಯುವುದಿಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ರ‍್ಯಾಂಪ್ 5 ಮೀಟರ್ ಅಗಲ, 18 ಮೀಟರ್ ಉದ್ದವಿದ್ದು ಮೇಲೆ ಚಾವಣಿ ಇಲ್ಲದಿದ್ದರೆ, ಗಂಟೆಗೆ 60 ಮಿಲಿಮೀಟರ್‌ನಂಥ ಬಿರುಸಾದ ಮಳೆಯಲ್ಲಿ ಅದರ ಮೇಲೆ ಬೀಳುವುದು 5,400 ಲೀಟರ್, ಅಂದರೆ ನಿಮಿಷಕ್ಕೆ 90 ಲೀಟರ್. ಇಷ್ಟನ್ನು ಸುಸ್ಥಿತಿಯಲ್ಲಿರುವ 1 ಎಚ್‌ಪಿ ಪಂಪ್ ನಿಭಾಯಿಸುತ್ತದೆ. ಆದರೆ ರಸ್ತೆಯ ನೀರು ರ‍್ಯಾಂಪಿನ ಬಾಯಿಯ ದಿಣ್ಣೆಯನ್ನು ಬರೀ 10 ಸೆಂಟಿಮೀಟರ್ ಮೀರಿ ಒಳಗೆ ಧುಮುಕಲು ಶುರುಮಾಡಿದರೆ, ಅದೇ 5 ಮೀಟರ್ ಅಗಲದ ಬಾಯಿಯಿಂದ ನಿಮಿಷಕ್ಕೆ ಸುಮಾರು 15,000 ಲೀಟರ್ ನೀರು ಇಳಿಯುತ್ತದೆ. 5 ಎಚ್‌ಪಿ ಇರಲಿ, ಅಂಥ ಹತ್ತು ಪಂಪ್‌ಗಳಿದ್ದರೂ ಅದನ್ನು ಹಿಂದಿಕ್ಕುವುದು ಕಷ್ಟ, ಮೇಲಾಗಿ ಹೊರಹಾಕಿದ ನೀರು ತುಂಬಿದ ರಸ್ತೆಯಿಂದ ಮತ್ತೆ ಒಳಗೇ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಬೆಳ್ಳಂದೂರು ಮತ್ತು ಹೊರವರ್ತುಲ ರಸ್ತೆಯ ಸುತ್ತ ಆದದ್ದು ಇದೇ.

ಆದ್ದರಿಂದ ಹಣವನ್ನು ಮೊದಲು ರ‍್ಯಾಂಪಿನ ಬಾಯಿಗೆ ಹಾಕಿ. ಅಲ್ಲಿನ ದಿಣ್ಣೆಯನ್ನು ವಾಹನ ಹತ್ತುವ ಮಿತಿಯಲ್ಲಿ ಎತ್ತರಿಸುವುದು, ಎರಡು ಬದಿಯ ಚಾನೆಲ್‌ಗಳಿಗೆ ಅಡ್ಡಹಲಗೆ ಜಾರಿಸಿ ರಬ್ಬರ್ ಅಂಚಿನಿಂದ ಬಿಗಿಯುವ ತಡೆಬಾಗಿಲು, ರಸ್ತೆಗೆ ಟಾರು ಮೇಲೆ ಟಾರು ಹಾಕಿ ಎತ್ತರವಾದಾಗಲೆಲ್ಲ ದಿಣ್ಣೆಯ ಮಟ್ಟವನ್ನು ಮತ್ತೆ ಅಳೆದು ನೋಡುವುದು, ಇವು ಆಗಬೇಕಾದ ಕೆಲಸಗಳು. ಬೇಸ್‌ಮೆಂಟಿನ ಗಾಳಿಕಿಂಡಿಗಳು ನೆಲಮಟ್ಟದಲ್ಲಿದ್ದರೆ ಅವುಗಳಿಗೂ ಕಟ್ಟೆ ಬೇಕು.

ಪ್ರಶ್ನೆ: ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು ನಿಂತಾಗ ನಮ್ಮ ವಾಚ್‌ಮನ್ ಅದರಲ್ಲೇ ನಡೆದುಹೋಗಿ ಪಂಪ್ ಆನ್ ಮಾಡುತ್ತಾರೆ. ಪ್ಯಾನೆಲ್ ಬೇಸ್‌ಮೆಂಟಿನ ಗೋಡೆಯಲ್ಲೇ ಇದೆ. ಇದು ಅಪಾಯವಲ್ಲವೇ? — ಕೋರಮಂಗಲ

ಉತ್ತರ: ಪ್ರಾಣಾಪಾಯ. ದಯವಿಟ್ಟು ಇಂದೇ ನಿಲ್ಲಿಸಿ. 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟ್‌ನ ಅಪಾರ್ಟ್‌ಮೆಂಟೊಂದರಲ್ಲಿ ಮೋಟರ್ ಇಟ್ಟು ಬೇಸ್‌ಮೆಂಟಿನ ನೀರು ಹೊರಹಾಕಲು ಹೋದಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು, ಅವರಲ್ಲೊಬ್ಬ ಬಾಲಕ. ಪಂಪ್ ಓಡಿಸುವ ಜವಾಬ್ದಾರಿಯನ್ನು ನಾವು ಹೊರಿಸುವುದು ಸಾಮಾನ್ಯವಾಗಿ ಅತಿ ಕಡಿಮೆ ಸಂಬಳದ, ತರಬೇತಿಯೇ ಇಲ್ಲದ ಮನುಷ್ಯನ ಮೇಲೆ ಎಂಬುದನ್ನು ಅಸೋಸಿಯೇಷನ್‌ಗಳು ಯೋಚಿಸಬೇಕು.

ಪ್ಯಾನೆಲ್ ಅನ್ನು ನೆಲಮಹಡಿಗೆ ಸ್ಥಳಾಂತರಿಸಿ. ಪಂಪಿನ ಕೇಬಲ್ ಪಿಟ್‌ನಿಂದ ಪ್ಯಾನೆಲ್‌ನವರೆಗೆ, ಅಥವಾ ನೀರು ಮುಟ್ಟದ ಎತ್ತರದ ಜಂಕ್ಷನ್ ಬಾಕ್ಸ್‌ವರೆಗೆ, ಎಲ್ಲೂ ಜೋಡಣೆಯಿಲ್ಲದ ಒಂದೇ ತುಂಡಾಗಿರಲಿ. ಪಿಟ್‌ನೊಳಗೆ ಟೇಪ್ ಸುತ್ತಿದ ಜಾಯಿಂಟ್ ಕಂಡರೆ ಆ ಕೇಬಲ್ ಬದಲಿಸಿ. ಸೋರಿಕೆ ವಿದ್ಯುತ್ತನ್ನು ಗುರುತಿಸಿ ಸರಬರಾಜು ಕಡಿಯುವ ಆರ್‌ಸಿಸಿಬಿಯನ್ನು ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ, ಮನುಷ್ಯರ ರಕ್ಷಣೆಗೆ ಅದು 30 ಮಿಲಿ ಆಂಪಿಯರ್‌ನದಾಗಿರಲಿ, ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಲಿ. ಅರ್ಥಿಂಗ್ ಅಳತೆಯೂ ವರ್ಷಕ್ಕೊಮ್ಮೆ ಆಗಬೇಕು. ನೀರು ಆಗಲೇ ನಿಂತಿದ್ದರೆ, ಬೇಸ್‌ಮೆಂಟಿನ ವಿದ್ಯುತ್ ಸಂಪೂರ್ಣ ಕಡಿದಿದೆ ಎಂದು ಖಚಿತವಾಗುವವರೆಗೆ ಯಾರೂ ಕಾಲಿಡಬಾರದು, ಕಾರು ತರುವುದಕ್ಕೂ. ಮೇನ್ ಸ್ವಿಚ್ಚೇ ನೀರಿನಲ್ಲಿದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಲಿಫ್ಟನ್ನು ಮೇಲಿನ ಮಹಡಿಯಲ್ಲಿ ನಿಲ್ಲಿಸಿ ಬಂದ್ ಮಾಡಿಸಿ.

ಪ್ರಶ್ನೆ: ಪಿಟ್‌ನ ಹೂಳು ತೆಗೆಯಲು ಒಬ್ಬರನ್ನು ಒಳಗೆ ಇಳಿಸುವುದು ವಾಡಿಕೆ. ಬೇರೆ ದಾರಿ ಇದೆಯೇ? — ಯಲಹಂಕ

ಉತ್ತರ: ಮುಚ್ಚಿದ ಪಿಟ್‌ನಲ್ಲಿ ಕೊಳೆತ ಹೂಳಿನಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಆಮ್ಲಜನಕ ಕಡಿಮೆಯಾಗಿರುತ್ತದೆ; ಇಳಿದವರು ಕೂಗಲೂ ಆಗದೆ ಕುಸಿಯುತ್ತಾರೆ, ಎತ್ತಲು ಹೋದವರೂ ಅಲ್ಲೇ ಉಳಿಯುತ್ತಾರೆ. ಆ ಪಿಟ್‌ಗೆ ಶೌಚದ ನೀರು ಸೇರುತ್ತಿದ್ದರೆ, ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಸಕ್ಷನ್ ಯಂತ್ರದ ವಾಹನ ತರಿಸಿ ಮೇಲಿನಿಂದಲೇ ಹೂಳು ಹೀರಿಸಿ. ಗೈಡ್ ರೈಲ್ ಮತ್ತು ಸರಪಳಿ ಹಾಕಿಸಿದರೆ ಪಂಪನ್ನೂ ಮೇಲಿನಿಂದಲೇ ಎತ್ತಿ ಇಳಿಸಬಹುದು. ಈ ಖರ್ಚಿನ ಬಗ್ಗೆ ಸಭೆಯಲ್ಲಿ ಚೌಕಾಸಿ ಬೇಡ.

ಪ್ರಶ್ನೆ: ಬೇಸಿಗೆಯಲ್ಲೂ ನಮ್ಮ ಪಿಟ್‌ಗೆ ತಿಳಿನೀರು ಬರುತ್ತಲೇ ಇದೆ. ಪಂಪ್ ದಿನವಿಡೀ ಆನ್ ಆಗಿ ಆಫ್ ಆಗುತ್ತಿರುತ್ತದೆ. ಅತ್ತ ಟ್ಯಾಂಕರ್ ನೀರಿಗೆ ಹಣ ಕೊಡುತ್ತಿದ್ದೇವೆ. — ವರ್ತೂರು

ಉತ್ತರ: ಕೆರೆಗಳ ಬಳಿ, ತಗ್ಗಿನಲ್ಲಿ ಆಳವಾಗಿ ಅಗೆದು ಕಟ್ಟಿದ ಕಟ್ಟಡಗಳಲ್ಲಿ ಇದು ಅಂತರ್ಜಲದ ಒಸರು ಆಗಿರಬಹುದು. ಆದರೆ ಹಾಗೆಂದು ತೀರ್ಮಾನಿಸುವ ಮೊದಲು ನಿಮ್ಮದೇ ಕುಡಿಯುವ ನೀರಿನ ಸಂಪ್ ಸೋರುತ್ತಿಲ್ಲವೇ ಎಂದು ನೋಡಿ. ರಾತ್ರಿ ಒಳಹರಿವು ಮತ್ತು ಮೋಟರ್ ಎರಡನ್ನೂ ನಿಲ್ಲಿಸಿ ಸಂಪಿನ ಗೋಡೆಯ ಮೇಲೆ ಗುರುತು ಹಾಕಿ, ಬೆಳಿಗ್ಗೆ ಮಟ್ಟ ನೋಡಿ. ಪಿಟ್ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾದಿಗಳ ಪ್ರಮಾಣ) ಅಂಕಿ ಸಂಪಿನ ನೀರಿನ ಅಂಕಿಗೆ ಬಹಳ ಹತ್ತಿರವಿದ್ದರೂ ಅನುಮಾನಿಸಬೇಕು.

ಒಸರು ನೀರೇ ಎಂದಾದರೆ ಅದನ್ನು ಚರಂಡಿಗೆ ಬಿಡುವುದು ನಿಜಕ್ಕೂ ನಷ್ಟ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕಾರು ತೊಳೆಯಲು, ಗಿಡಗಳಿಗೆ ಹಾಕಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದ್ದ ದಿನಗಳಲ್ಲೂ ಎಷ್ಟೋ ಬೇಸ್‌ಮೆಂಟ್‌ಗಳು ತಿಳಿನೀರನ್ನು ರಸ್ತೆಗೆ ಚೆಲ್ಲುತ್ತಿದ್ದವು. ಪಾರ್ಕಿಂಗ್ ನೆಲದ ಎಣ್ಣೆ ಸೇರದಂತೆ ಬೇರೆ ಪಿಟ್‌ನಲ್ಲಿ ಹಿಡಿದು, ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಗಿಡಗಳಿಗೆ ಮತ್ತು ಫ್ಲಶ್‌ಗೆ ಬಳಸಬಹುದು, ಕುಡಿಯಲು ಬೇಡ. ನಿರ್ವಹಣೆಯ ದೃಷ್ಟಿಯಿಂದ ಇಂಥ ಪಂಪ್ ವರ್ಷಪೂರ್ತಿ ದುಡಿಯುವುದರಿಂದ ಅದಕ್ಕೊಂದು ಅವರ್ ಮೀಟರ್ ಹಾಕಿಸಿ, ಓಡಿದ ಗಂಟೆಗಳ ಲೆಕ್ಕದಲ್ಲಿ ಸರ್ವಿಸ್ ಮಾಡಿಸಿ. ಪದೇ ಪದೇ ಆನ್ ಆಗುವುದು ಮೋಟರಿಗೆ ಹಾನಿ. ಆನ್ ಮತ್ತು ಆಫ್ ಫ್ಲೋಟ್‌ಗಳ ನಡುವಿನ ಅಂತರ ಹೆಚ್ಚಿಸಿದರೆ ಅದು ಕಡಿಮೆಯಾಗುತ್ತದೆ. ಒಸರು ನಿಲ್ಲಲಿ ಎಂದು ಪಂಪನ್ನೇ ಕಾಯಂ ಬಂದ್ ಮಾಡಬೇಡಿ. ತಳದ ಕಾಂಕ್ರೀಟಿನ ಕೆಳಗೆ ನೀರಿನ ಒತ್ತಡ ಬೆಳೆದು ನೆಲವೇ ಉಬ್ಬಬಹುದು. ಸ್ಟ್ರಕ್ಚರಲ್ ಎಂಜಿನಿಯರ್ ಅವರನ್ನು ಕೇಳದೆ ಆ ನಿರ್ಧಾರ ತೆಗೆದುಕೊಳ್ಳುವಂತಿಲ್ಲ.

ಪ್ರಶ್ನೆ: ಪಂಪಿನ ನೀರನ್ನು ಬಿಲ್ಡರ್ ಒಳಚರಂಡಿಯ ಚೇಂಬರಿಗೆ ಜೋಡಿಸಿದ್ದಾರೆ. ಪರವಾಗಿಲ್ಲವೇ? — ರಾಜರಾಜೇಶ್ವರಿ ನಗರ

ಉತ್ತರ: ಇಲ್ಲ. ಮಳೆನೀರನ್ನು ಒಳಚರಂಡಿಗೆ ಬಿಡಲು ಜಲಮಂಡಳಿಯ ಅನುಮತಿಯಿಲ್ಲ. ಜೋರು ಮಳೆಯಲ್ಲಿ ಮ್ಯಾನ್‌ಹೋಲ್‌ಗಳು ಉಕ್ಕುವುದಕ್ಕೆ, ತಗ್ಗಿನ ಮನೆಗಳ ಬಚ್ಚಲಿನಲ್ಲಿ ಹೊಲಸು ಮೇಲೇಳುವುದಕ್ಕೆ ಇಂಥ ಜೋಡಣೆಗಳೂ ಕಾರಣ. ಪೈಪನ್ನು ರಸ್ತೆಬದಿಯ ಮಳೆನೀರು ಚರಂಡಿಗೆ ತಿರುಗಿಸಿ. ಚರಂಡಿಗೆ ಇಳಿಯುವ ಮುನ್ನ ಪೈಪು ರಸ್ತೆಯ ಮಟ್ಟಕ್ಕಿಂತ ಮೇಲಕ್ಕೆ ಏರಿ ಬಾಗಿ ಇಳಿಯಲಿ, ಆಗ ಚರಂಡಿ ತುಂಬಿದರೂ ನೀರು ಹಿಮ್ಮುಖವಾಗಿ ಹರಿಯುವುದಿಲ್ಲ.

ಪ್ರಶ್ನೆ: ನನಗೆ ಕಾರಿಲ್ಲ, ನಾಲ್ಕನೇ ಮಹಡಿಯಲ್ಲಿದ್ದೇನೆ. ಬೇಸ್‌ಮೆಂಟ್ ಪಂಪಿನ ಖರ್ಚನ್ನು ನಾನೇಕೆ ಕೊಡಬೇಕು? — ವಿಜಯನಗರ

ಉತ್ತರ: 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯು, ಕಟ್ಟಡದ ಘೋಷಣಾ ಪತ್ರದಲ್ಲಿ (ಡೀಡ್ ಆಫ್ ಡಿಕ್ಲರೇಷನ್) ಬೇರೆ ರೀತಿ ಹೇಳದಿದ್ದರೆ, ಬೇಸ್‌ಮೆಂಟ್ ಮತ್ತು ಪಂಪ್‌ಗಳನ್ನು ಸಾಮಾನ್ಯ ಸ್ವತ್ತೆಂದೇ ಪರಿಗಣಿಸುತ್ತದೆ, ಬಳಸುವುದಿಲ್ಲ ಎಂಬ ಕಾರಣಕ್ಕೆ ಸಾಮಾನ್ಯ ವೆಚ್ಚದ ಪಾಲಿನಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ನೀವು ನಿತ್ಯ ಬಳಸುವ ಲಿಫ್ಟಿನ ತಳದ ಹೊಂಡ, ಬಹಳ ಕಡೆ ಮೀಟರ್ ಬೋರ್ಡು ಸಹ ಇರುವುದು ಅದೇ ಬೇಸ್‌ಮೆಂಟಿನಲ್ಲಿ.

ಪ್ರಶ್ನೆ: ಬೇಸ್‌ಮೆಂಟ್ ಪೂರ್ತಿ ಮುಳುಗಿದರೆ ಬಾಡಿಗೆಗೆ ದೊಡ್ಡ ಡೀಸೆಲ್ ಪಂಪ್ ತಂದು ಒಂದೇ ಸಲ ಖಾಲಿ ಮಾಡಿಸಬಹುದೇ? ಕುಡಿಯುವ ನೀರಿನ ಸಂಪ್ ಕೂಡ ಅಲ್ಲೇ ಇದೆ. — ನಾಗರಬಾವಿ

ಉತ್ತರ: ಹೊರಗಿನ ಮಣ್ಣು ನೀರು ಕುಡಿದು ಭಾರವಾಗಿರುವಾಗ ಒಳಗಿನ ನೀರನ್ನು ಏಕಾಏಕಿ ತೆಗೆದರೆ ಗೋಡೆಯ ಮೇಲೆ ಒಂದೇ ಕಡೆಯಿಂದ ಒತ್ತಡ ಬೀಳುತ್ತದೆ. ಹಳೆಯ ಸೈಜುಗಲ್ಲಿನ ಅಥವಾ ಇಟ್ಟಿಗೆಯ ತಡೆಗೋಡೆಗಳಿದ್ದರೆ ದಿನಕ್ಕೆ ಮೂರನೇ ಒಂದು ಭಾಗದಷ್ಟು ಇಳಿಸುತ್ತ, ಗೋಡೆಯಲ್ಲಿ ಬಿರುಕು ಕಾಣುತ್ತದೆಯೇ ಎಂದು ಗಮನಿಸುವುದು ಕ್ಷೇಮ. ಬಾಡಿಗೆಯ ಡೀಸೆಲ್ ಎಂಜಿನ್ ಅನ್ನು ಬೇಸ್‌ಮೆಂಟಿನೊಳಗೆ ಇಳಿಸಬಾರದು, ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಮುಚ್ಚಿದ ಜಾಗದಲ್ಲಿ ಕೊಲ್ಲುತ್ತದೆ. ಎಂಜಿನ್ ರಸ್ತೆಯಲ್ಲಿರಲಿ, ಹೋಸ್ ಪೈಪ್ ಮಾತ್ರ ಒಳಗೆ ಹೋಗಲಿ. ನೀರಿನಲ್ಲಿ ಮುಳುಗಿದ ಪ್ಯಾನೆಲ್ ಒಣಗಿದಂತೆ ಕಂಡರೂ ಎಲೆಕ್ಟ್ರಿಷಿಯನ್ ಪರೀಕ್ಷಿಸುವವರೆಗೆ ಆನ್ ಮಾಡಬೇಡಿ.

ಪ್ರವಾಹದ ನೀರು ಕುಡಿಯುವ ನೀರಿನ ಸಂಪಿಗೆ ಸೇರಿದ್ದರೆ ಅದನ್ನು ಪೂರ್ತಿ ಖಾಲಿ ಮಾಡಿಸಿ, ಗೋಡೆಗಳನ್ನು ಉಜ್ಜಿಸಿ, ಕ್ಲೋರಿನ್ ಹಾಕಿ ಶುದ್ಧಗೊಳಿಸಿ, ಓವರ್‌ಹೆಡ್ ಟ್ಯಾಂಕ್ ಮತ್ತು ಪೈಪುಗಳಿಗೂ ಕ್ಲೋರಿನ್ ಬೆರೆಸಿದ ನೀರು ಹಾಯಿಸಿ ತೊಳೆಯಿರಿ. ಹೊಸ ನೀರು ತುಂಬಿಸಿದ ಮೇಲೆ ಮಲದ ಸೋಂಕನ್ನು ಸೂಚಿಸುವ ಇ. ಕೋಲಿ ಬ್ಯಾಕ್ಟೀರಿಯಾ ಪರೀಕ್ಷೆಯ ಫಲಿತಾಂಶ ಬರುವವರೆಗೆ ಕುಡಿಯಲು, ಅಡುಗೆಗೆ ಬೇರೆ ನೀರು ಬಳಸಿ. ಮುಂದಿನ ಮಳೆಗೆ ಮುಂಚೆ ಆ ಸಂಪಿನ ಮುಚ್ಚಳಕ್ಕೆ ರಬ್ಬರ್ ಗ್ಯಾಸ್ಕೆಟ್ ಹಾಕಿ ಬೋಲ್ಟಿನಿಂದ ಬಿಗಿಸಿ, ಸುತ್ತಲಿನ ಕಟ್ಟೆಯನ್ನು ಈ ಬಾರಿ ನೀರು ನಿಂತ ಗುರುತಿಗಿಂತ ಎತ್ತರಕ್ಕೆ ಕಟ್ಟಿಸಿ.